ಗುಳಿಗಿ ಉಷ್ಣ ಆಗಿದ್ದಲ್ಲ

ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯ ಹೆಸರಲ್ಲೇ ಬೇವು ಇದ್ದಂತಿದೆ. ಗಡಿಯಾಚೆಯ ತೆಲುಗಿನಲ್ಲಿ ಬೇವಿಗೆ ಯಾಪ ಎನ್ನುತ್ತಾರೆ. ಮೈಮೇಲೆ ಏನೆದ್ದರೂ ಬೇವಿನ ಸೊಪ್ಪು ಅರೆದು ಹಚ್ಚುವ ಸೀಮೆ ಇದು. ಕೆರೆತಕ್ಕೆ ಹಚ್ಚಲಿ, ತಕರಾರಿಲ್ಲ. ಆದರೆ ಕುಷ್ಠರೋಗಕ್ಕೆ ಗುಳಿಗಿ ನುಂಗುತ್ತಿರುವವರ ಮಚ್ಚೆ ಒಂದು ಬೆಳಿಗ್ಗೆ ಕೆಂಪಾಗಿ ಉಬ್ಬಿ ನಿಂತರೆ ಬೇವು ಅರೆಯುತ್ತ ಕೂರುವ ಹೊತ್ತಲ್ಲ ಅದು.

ಅಂಥ ಹೊತ್ತಿನಲ್ಲಿ ಮನೆಯಲ್ಲಿ ಬರುವ ಮಾತು ಒಂದೇ: ‘ಗುಳಿಗಿ ಉಷ್ಣ ಆಗ್ಯಾವ, ಬಿಟ್ಟುಬಿಡು.’ ಕೈಕಾಲು ಕಳೆಯುವುದು ಈ ಮಾತಿನಿಂದ.

ಕುಷ್ಠದ ರೋಗಾಣು ಬಲು ನಿಧಾನಿ. ವರ್ಷಗಟ್ಟಲೆ ಚರ್ಮದಲ್ಲಿ, ನರದಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ಯಾವಾಗಲೋ ದೇಹದ ರೋಗನಿರೋಧಕ ಶಕ್ತಿ ಎಚ್ಚೆತ್ತು ಅದರ ಮೇಲೆ, ಸತ್ತ ರೋಗಾಣುವಿನ ಚೂರುಗಳ ಮೇಲೂ, ಮುಗಿಬೀಳುತ್ತದೆ. ವೈದ್ಯರು ಇದನ್ನು ರಿಯಾಕ್ಷನ್ ಎನ್ನುತ್ತಾರೆ. ಚಿಕಿತ್ಸೆಗೆ ಮುಂಚೆ, ನಡುವೆ, ಕೋರ್ಸ್ ಮುಗಿದ ಮೇಲೆ, ಯಾವಾಗ ಬೇಕಾದರೂ ಬರಬಹುದು. ಬಾಣಂತಿಯರು ಹೆಚ್ಚು ಎಚ್ಚರದಿಂದಿರಬೇಕು. ಜಗಳ ರೋಗಾಣುವಿನ ಮೇಲೆ, ಪೆಟ್ಟು ಬೀಳುವುದು ಅದು ಅಡಗಿರುವ ನರಕ್ಕೆ.

ಒಂದು ಬಗೆಯಲ್ಲಿ ಹಳೆಯ ಮಚ್ಚೆಗಳೇ ಕೆಂಪೇರಿ ಊದುತ್ತವೆ, ಕೈ, ಪಾದ, ಮುಖಕ್ಕೆ ಬಾವು ಬರುತ್ತದೆ. ಇನ್ನೊಂದರಲ್ಲಿ ಮಚ್ಚೆಯೇ ಇಲ್ಲದ ಕಡೆ ಮುಟ್ಟಿದರೆ ನೋಯುವ ಕೆಂಪು ಗಂಟುಗಳು ಗುಂಪಾಗಿ ಏಳುತ್ತವೆ. ಜೊತೆಗೆ ಜ್ವರ, ಕೀಲುನೋವು, ಕೆಲವೊಮ್ಮೆ ಕಣ್ಣು ಕೆಂಪು, ಗಂಡಸರಿಗೆ ವೃಷಣದ ನೋವು. ಮೂಳೆಜ್ವರವೆಂದು ಆರ್‌ಎಂಪಿ ಡಾಕ್ಟರ ಬಳಿ ಸೂಜಿ ಹಾಕಿಸಿಕೊಂಡು ಸುಮ್ಮನಾಗುವ ಅಪಾಯ ಇಲ್ಲೇ ಹೆಚ್ಚು.

ನನ್ನ ಕೇಳಿದರೆ ಚರ್ಮಕ್ಕಿಂತ ನರದ ಕಡೆ ಗಮನವಿರಲಿ. ಮೊಣಕೈ ಒಳಬದಿಯ ನರ ನೋಯುತ್ತಿದೆಯೇ? ಹತ್ತಿ ಬಿಡಿಸುವಾಗ ಕಿರುಬೆರಳು ಸೋಲುತ್ತಿದೆಯೇ? ರೊಟ್ಟಿ ಹಂಚಿನ ಬಿಸಿ ಬೆರಳಿಗೆ ತಾಗುತ್ತಿಲ್ಲವೇ? ಚಪ್ಪಲಿ ಜಾರಿದ್ದು ತಿಳಿಯಲಿಲ್ಲವೇ? ಕಣ್ಣು ಪೂರ್ತಿ ಮುಚ್ಚುತ್ತಿಲ್ಲವೇ? ಕೆಲವರಿಗೆ ನೋವೇ ಇಲ್ಲದೆ ನರ ಸೋಲುತ್ತದೆ. ಶಕ್ತಿ ಕುಂದಿ ಆರು ತಿಂಗಳೊಳಗಾದರೆ ಮರಳಿ ಬರುವ ಆಸೆ ಚೆನ್ನಾಗಿದೆ, ಆಮೇಲೆ ಕಷ್ಟ.

ಮದ್ದು ಹೊಸದೇನಲ್ಲ: ಪ್ರೆಡ್ನಿಸೊಲೋನ್. ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂನಿಂದ ಶುರುಮಾಡಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಳಿಸುತ್ತ ಬರುತ್ತಾರೆ. ಮೊದಲು ಸಕ್ಕರೆ, ಬಿಪಿ, ಕ್ಷಯ ನೋಡಬೇಕು. ಹಾಗಾಗಿ ಇದನ್ನು ಅಂಗಡಿಯಲ್ಲಿ ಕೊಂಡು ನುಂಗಬಾರದು, ಬಾವು ಇಳಿಯಿತೆಂದು ದಿಢೀರ್ ನಿಲ್ಲಿಸಲೂಬಾರದು. ನೋಯುವ ಕೈಗೆ ವಿಶ್ರಾಂತಿ ಬೇಕು. ನಾಟಿಯ ಕಾಲದಲ್ಲಿ ಕೂಲಿಯವರಿಗೆ ಅದನ್ನು ಹೇಳುವುದು ಸುಲಭವಲ್ಲ, ಬಲ್ಲೆ. ಕುಷ್ಠದ ಗುಳಿಗಿಯಂತೂ ಒಂದು ದಿನವೂ ತಪ್ಪಬಾರದು.

ಗಂಟಿನ ಬಗೆಗೆ ಇನ್ನೊಂದು ಮದ್ದುಂಟು, ಅದಕ್ಕೊಂದು ಕರಾಳ ಕಥೆಯಿದೆ. ಬಸುರಿಯರ ವಾಕರಿಕೆಗೂ ನಿದ್ದೆಗೂ ಮಾರುತ್ತಿದ್ದ ಥಾಲಿಡೊಮೈಡ್‌ನಿಂದ ಸಾವಿರಾರು ಶಿಶುಗಳು ಕೈಕಾಲು ಮೊಟಕಾಗಿ ಹುಟ್ಟಿದವು. 1961ರ ಕೊನೆಯಿಂದ ಅದನ್ನು ದೇಶದೇಶಗಳಲ್ಲಿ ಹಿಂತೆಗೆದುಕೊಂಡರು. ಕೆಲವೇ ವರ್ಷಗಳಲ್ಲಿ ಜೆರುಸಲೆಮ್‌ನಲ್ಲಿ ಜೇಕಬ್ ಶೆಸ್ಕಿನ್ ಎಂಬ ವೈದ್ಯ, ನೋವಿನಿಂದ ನಿದ್ದೆ ಬಾರದ ಕುಷ್ಠರೋಗಿಗೆ ಅದನ್ನೇ ಕೊಟ್ಟಾಗ ಗಂಟುಗಳೂ ಕರಗತೊಡಗಿದವು. ಗರ್ಭ ಧರಿಸಬಹುದಾದ ಹೆಣ್ಣುಮಕ್ಕಳಿಗೆ ಇಂದಿಗೂ ಅದು ನಿಷಿದ್ಧವೆಂದೇ ತಿಳಿಯಬೇಕು.

ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಕುಷ್ಠ ನಿವಾರಣೆಯಾಯಿತೆಂದು 2005ರ ಕೊನೆಗೆ ದೇಶ ಹೇಳಿಕೊಂಡಿತು. ಆದರೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಇಲ್ಲಿಯವರೇ.

ಮಚ್ಚೆ ಕೆಂಪಾದರೆ ಅದೇ ದಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಗುಳಿಗಿಯ ಪಟ್ಟಿ ಕೈಯಲ್ಲೇ ಹಿಡಿದು ಮಾನ್ವಿ, ದೇವದುರ್ಗದ ತಾಲ್ಲೂಕು ಆಸ್ಪತ್ರೆಗೋ ರಾಯಚೂರಿನ ರಿಮ್ಸ್‌ಗೋ ಹೋಗಿ. ಸಂತೆ ಮುಗಿಯಲಿ ಎಂದು ಕಾಯಬೇಡಿ.