ಹೃದಯ ಶಸ್ತ್ರಚಿಕಿತ್ಸೆಗೆ ಮುನ್ನ ಸಕ್ಕರೆಯ ಲೆಕ್ಕ

ಹೃದಯದ ಶಸ್ತ್ರಚಿಕಿತ್ಸೆಗೆ ದಿನ ನಿಶ್ಚಯವಾಯಿತೆಂದರೆ ಮನೆಮಂದಿಯ ಚಿಂತೆ ಎರಡು: ಹಣದ ಹೊಂದಿಕೆ, ಶಸ್ತ್ರವೈದ್ಯರ ಕೈಗುಣ. ರೋಗಿಯು ಮಧುಮೇಹಿಯಾಗಿದ್ದರೆ ಮೂರನೆಯದೊಂದನ್ನೂ ಚಿಂತಿಸಬೇಕು. ಅದು ರಕ್ತದಲ್ಲಿನ ಸಕ್ಕರೆ.

ಬೈಪಾಸ್ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎದೆಯ ನಡುಮೂಳೆಯನ್ನು ಸೀಳಿ, ಕೆಲಸ ಮುಗಿದ ಮೇಲೆ ತಂತಿಯಿಂದ ಬಿಗಿಯುತ್ತಾರೆ. ಅದು ಕೂಡಿಕೊಳ್ಳಲು ವಾರಗಳೇ ಬೇಕು. ಸಕ್ಕರೆಯೇರಿದ ರಕ್ತದಲ್ಲಿ ರೋಗಾಣುಗಳನ್ನು ನುಂಗುವ ಬಿಳಿಯ ಕಣಗಳು ಮಂಕಾಗುತ್ತವೆ. ಗಾಯ ಮಾಯುವುದು ತಡವಾಗುತ್ತದೆ. ಸೋಂಕು ಮೂಳೆಯ ಆಳಕ್ಕೆ ಇಳಿಯಿತೆಂದರೆ ಪ್ರಾಣಕ್ಕೇ ಸಂಚಕಾರ. ಮೇಲಾಗಿ, ಶಸ್ತ್ರಚಿಕಿತ್ಸೆಯ ಆಘಾತದಿಂದಲೇ ಸಕ್ಕರೆ ಇನ್ನಷ್ಟು ಏರುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಂತೆ.

ಈ ಮಾತಿಗೆ ಆಧಾರವುಂಟು. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ವೈದ್ಯರು, ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದ ೨,೪೬೭ ಮಧುಮೇಹಿಗಳ ವಿವರವನ್ನು ೧೯೯೯ರಲ್ಲಿ ಪ್ರಕಟಿಸಿದರು. ಇನ್ಸುಲಿನ್ನನ್ನು ಆಗಾಗ ಚರ್ಮದಡಿ ಚುಚ್ಚುತ್ತಿದ್ದಾಗ ನೂರಕ್ಕೆ ಇಬ್ಬರಿಗೆ ಆಳದ ಸೋಂಕು ತಗಲಿತ್ತು; ಅದನ್ನೇ ರಕ್ತನಾಳದ ಮೂಲಕ ಎಡೆಬಿಡದೆ ಹರಿಸತೊಡಗಿದ ಮೇಲೆ ಆ ಪ್ರಮಾಣವು ನೂರಕ್ಕೆ ೦.೮ಕ್ಕೆ ಇಳಿಯಿತು.

ಹಾಗೆಂದು ಸಕ್ಕರೆಯನ್ನು ಇಳಿಸಿದಷ್ಟೂ ಲೇಸೆಂದು ಭಾವಿಸಲಾಗದು. ತೀವ್ರನಿಗಾ ಘಟಕಗಳ ಆರು ಸಾವಿರಕ್ಕೂ ಮಿಕ್ಕ ನಾನಾ ಬಗೆಯ ರೋಗಿಗಳನ್ನು ಕುರಿತು ೨೦೦೯ರಲ್ಲಿ ಪ್ರಕಟವಾದ ನೈಸ್-ಶುಗರ್ ಅಧ್ಯಯನದಲ್ಲಿ, ಸಕ್ಕರೆಯನ್ನು ೮೧ರಿಂದ ೧೦೮ರೊಳಗೆ ಬಿಗಿಹಿಡಿದ ಗುಂಪಿನಲ್ಲಿಯೇ ಮರಣ ಹೆಚ್ಚಾಗಿತ್ತು. ಅತಿಯಾದರೆ ಅಮೃತವೂ ವಿಷವಲ್ಲವೆ? ಆದುದರಿಂದ ಶಸ್ತ್ರಚಿಕಿತ್ಸೆಯ ದಿನಗಳಲ್ಲಿ ಸಕ್ಕರೆಯು ಡೆಸಿಲೀಟರಿಗೆ ೧೮೦ ಮಿಲಿಗ್ರಾಂ ಮೀರದಂತೆ, ತೀರ ಕುಸಿಯದಂತೆಯೂ ಕಾಯುವುದು ಇಂದು ರೂಢಿಯಲ್ಲಿರುವ ಮಧ್ಯಮಾರ್ಗ.

ಆಸ್ಪತ್ರೆಯ ಕೆಲಸ ಅದಾದರೆ, ಮನೆಯ ಕೆಲಸ ಅದಕ್ಕೂ ಮುಂಚೆಯೇ ಆರಂಭವಾಗಬೇಕು. ಎಚ್‌ಬಿಎ೧ಸಿ ಎಂಬ ಪರೀಕ್ಷೆಯೊಂದುಂಟು. ಕೆಂಪು ರಕ್ತಕಣದ ಆಯುಸ್ಸು ಸುಮಾರು ೧೨೦ ದಿನ; ಅದಕ್ಕೆ ಅಂಟಿದ ಸಕ್ಕರೆಯನ್ನು ಅಳೆದು ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಈ ಪರೀಕ್ಷೆ ಹೇಳುತ್ತದೆ. ಹಿಂದಿನ ದಿನ ಉಪವಾಸವಿದ್ದು ಇದನ್ನು ವಂಚಿಸಲಾಗದು. ಸಂಖ್ಯೆ ಹೆಚ್ಚಿದ್ದು, ಹೃದಯದ ಸ್ಥಿತಿಯೂ ಕಾಯಲು ಅವಕಾಶ ಕೊಟ್ಟರೆ, ಕೆಲವು ವಾರ ಸಕ್ಕರೆಯನ್ನು ಹತೋಟಿಗೆ ತರುವುದು ಜಾಣತನ. ತುರ್ತಾದರೆ ಕಾಯುವಂತಿಲ್ಲ, ಆಗ ಇನ್ಸುಲಿನ್ ಹನಿಯೇ ಗತಿ.

ಇನ್ನೊಂದು ಎಚ್ಚರಿಕೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ ೩ ದಿನ ಮುಂಚೆ ನಿಲ್ಲಿಸುವುದು ವಾಡಿಕೆ. ಇಲ್ಲವಾದರೆ ಸಕ್ಕರೆ ಹೆಚ್ಚದೆಯೂ ರಕ್ತ ಆಮ್ಲೀಯವಾಗುವ ಭಯವುಂಟು. ಆದರೆ ತಾವಾಗಿಯೇ ಯಾವ ಮಾತ್ರೆಯನ್ನೂ ಬಿಡಕೂಡದು. ರೋಗಿಯು ನುಂಗುವ ಮಾತ್ರೆಗಳೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಮೊದಲ ಭೇಟಿಯಲ್ಲಿಯೇ ವೈದ್ಯರ ಮುಂದಿಡಿ.