ಕಣ್ಣೆದುರೇ ಇದ್ದ ಪ್ರೇಮ

ಷಿಕಾಗೋದ ಆಗಸ್ಟ್ ಬಿಸಿಲು. ಬವಳಿ ಬಂದಂತಾದ ಐರೀನ್ ರೆಡ್‌ಫೀಲ್ಡ್ ಟ್ಯಾಕ್ಸಿ ಹತ್ತಿ ಡ್ರೇಟನ್ ಹೋಟೆಲಿನ ತಾರಸಿಗೆ ಬಂದು ತಣ್ಣನೆಯ ಚಹಾ ಕುಡಿಯುತ್ತಿದ್ದಾಳೆ. ಪಕ್ಕದ ಮೇಜಿಗೆ ಹೂಚಿತ್ತಾರದ ಹಸಿರು ಷಿಫಾನ್ ಉಟ್ಟ ಚೆಲುವೆಯೊಬ್ಬಳು ಬರುತ್ತಾಳೆ. ಐರೀನ್ ಕಣ್ಣು ಅವಳ ಮೇಲೇ. ಸ್ವಲ್ಪ ಹೊತ್ತಿಗೆ ನೋಡಿದರೆ ಆಕೆಯೂ ಇವಳನ್ನೇ ದಿಟ್ಟಿಸುತ್ತಿದ್ದಾಳೆ, ಎಳ್ಳಷ್ಟೂ ಸಂಕೋಚವಿಲ್ಲದೆ! ಐರೀನ್ ಎದೆ ಧಸಕ್ಕೆಂದಿತು: ನಾನು ಕಪ್ಪು ಜನಾಂಗದವಳೆಂದು ಇವಳಿಗೆ ಗೊತ್ತಾಗಿಬಿಟ್ಟಿತೇ? ತಿಳಿಬಣ್ಣದ ಐರೀನ್ ಬಿಳಿಯಳೆಂಬ ಸೋಗಿನಲ್ಲೇ ಒಳಗೆ ಕೂತವಳು. ನೋಡುತ್ತಿದ್ದವಳೋ ಬಾಲ್ಯದ ಗೆಳತಿ ಕ್ಲೇರ್. ಕಟ್ಟಿಕೊಂಡ ಗಂಡನಿಗೂ ಗುಟ್ಟು ಬಿಡದೆ ಬಿಳಿಯಳಾಗಿಯೇ ಸಂಸಾರ ಮಾಡುತ್ತಿರುವವಳು.

ನೆಲ್ಲಾ ಲಾರ್ಸನ್ 1929ರಲ್ಲಿ ಪ್ರಕಟಿಸಿದ ‘ಪಾಸಿಂಗ್’ ಕಾದಂಬರಿ ಇದು. ಸಿಕ್ಕಿಬೀಳುವ ಭಯವೆಂದರೆ ಮೈಬಣ್ಣದ ಭಯ, ಇನ್ನೇನು ಎಂದೇ ಬಹುಕಾಲ ಓದಿದರು. ಆದರೆ ಒಮ್ಮೆ ಐರೀನ್ ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೆ ನೋಡಿ! ಕ್ಲೇರ್‌ಳ ತುಟಿ, ಕಣ್ಣು, ನಗು. ಮುಂದೊಂದು ಕಡೆ ಕ್ಲೇರ್ ಬಾಗಿಲು ತಟ್ಟದೆ ಕೋಣೆಗೇ ನುಗ್ಗಿ ಐರೀನಳ ಗುಂಗುರು ಕೂದಲಿಗೆ ಮುತ್ತಿಡುತ್ತಾಳೆ. ಸ್ವಲ್ಪ ಹೊತ್ತಿಗೆ ಮುಂಚೆ ತುಂಬಿಕೊಂಡಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಐರೀನ್ ಅವಳ ಎರಡೂ ಕೈ ಹಿಡಿದು ಎಷ್ಟು ಚೆಂದವಿದ್ದೀಯೆ ಎಂದು ಬೆರಗಾಗುತ್ತಾಳೆ. ಇದೇನು ಮುಚ್ಚಿಟ್ಟಿದ್ದಲ್ಲ, ಅಚ್ಚಾಗಿಯೇ ಇತ್ತು!

ಹಾಗಿದ್ದರೆ ಕಾಣಲಿಲ್ಲ ಏಕೆ? 1928ರಲ್ಲಿ ಲಂಡನ್ನಿನಲ್ಲಿ ರ‍್ಯಾಡ್‌ಕ್ಲಿಫ್ ಹಾಲ್ ಹೆಣ್ಣು ಹೆಣ್ಣನ್ನು ಪ್ರೀತಿಸುವ ಕಥೆಯನ್ನು ‘ದಿ ವೆಲ್ ಆಫ್ ಲೋನ್ಲಿನೆಸ್’ನಲ್ಲಿ ನೇರವಾಗಿ ಬರೆದಳು; ಪುಸ್ತಕ ಕೋರ್ಟು ಹತ್ತಿತು, ಪ್ರತಿಗಳನ್ನು ನಾಶಮಾಡಲು ಆದೇಶವಾಯಿತು. ಆ ಕಾಲದ ಸಲಿಂಗಪ್ರೇಮಿ ಹೆಣ್ಣೆಂದರೆ ಹಾಲ್‌ಳಂಥ ಸಿರಿವಂತ ಬಿಳಿಯಳು ಎಂಬ ಚಿತ್ರವೇ ನಿಂತುಬಿಟ್ಟಿತು. ಲಾರ್ಸನ್‌ಳಂಥ ಹಾರ್ಲೆಮ್ಮಿನ ಕಪ್ಪು ಲೇಖಕಿಯ ಪುಟಗಳಲ್ಲಿ ಅಂಥದ್ದನ್ನು ಹುಡುಕುವವರು ಎಲ್ಲಿದ್ದರು?

ಬಂದರು, 1977ರಲ್ಲಿ! ಬಾಸ್ಟನ್ನಿನ ಕಪ್ಪು ಸ್ತ್ರೀವಾದಿಗಳ ಕೊಂಬಾಹೀ ರಿವರ್ ಕಲೆಕ್ಟಿವ್, ಜನಾಂಗ, ವರ್ಗ, ಲಿಂಗ, ಲೈಂಗಿಕತೆಯ ದಬ್ಬಾಳಿಕೆಗಳು ಒಂದರೊಳಗೊಂದು ಹೆಣೆದುಕೊಂಡಿವೆ, ಬಿಡಿಸಿ ನೋಡಲಾಗದು ಎಂದು ಸಾರಿದ್ದು ಅದೇ ವರ್ಷ. ಆ ಗುಂಪಿನ ಬಾರ್ಬರಾ ಸ್ಮಿತ್ ಅದೇ ವರ್ಷ ಕಪ್ಪು ಲೇಖಕಿಯರನ್ನು ಹೀಗೆಯೇ ಓದಬೇಕೆಂದು ಪ್ರಬಂಧ ಬರೆದರು. ಟೋನಿ ಮಾರಿಸನ್‌ರ ‘ಸೂಲಾ’ ಕಾದಂಬರಿಯನ್ನು ಹಾಗೆ ಓದಿಯೂ ತೋರಿಸಿದರು. ಇನ್ನು 1986. ಲಾರ್ಸನ್‌ಳ ಎರಡೂ ಕಾದಂಬರಿಗಳ ಮರುಮುದ್ರಣಕ್ಕೆ ಮುನ್ನುಡಿ ಬರೆದ ಡೆಬೊರಾ ಮ್ಯಾಕ್‌ಡೊವೆಲ್ ಬಾಂಬನ್ನೇ ಸಿಡಿಸಿದರು: ಬಣ್ಣ ಮರೆಸುವ ಕಥೆ ಮೇಲ್ಹೊದಿಕೆ, ಅದರಡಿ ಐರೀನ್ ಮನಸ್ಸಿನಲ್ಲಿ ಕ್ಲೇರ್ ಮೇಲೆ ಮೊಳೆತ ಆಸೆ ಇದೆ. ಅಬ್ಬಾ! ಹಾಗಾದರೆ ಗಂಡನಿಗೂ ಕ್ಲೇರ್‌ಗೂ ಸಂಬಂಧವಿದೆಯೆಂದು ಐರೀನ್ ಕುದಿಯುತ್ತಾಳಲ್ಲ, ಕಾದಂಬರಿ ಅದಕ್ಕೆ ಒಂದು ಪುರಾವೆಯನ್ನೂ ಕೊಡುವುದಿಲ್ಲವಲ್ಲ, ಆ ಹೊಟ್ಟೆಯುರಿ ಯಾರಿಗಾಗಿ?

ಒಂದು ಬೀಗ ತೆಗೆದದ್ದೇ ತಡ, ಸಾಲುಸಾಲು ಬಾಗಿಲು ತೆರೆದವು. ವಿಮರ್ಶಕಿ ಗ್ಲೋರಿಯಾ ಹಲ್ ಸಂಪಾದಿಸಿ 1984ರಲ್ಲಿ ಹೊರತಂದ, ಕಪ್ಪು ಲೇಖಕಿ ಆಲಿಸ್ ಡನ್‌ಬಾರ್-ನೆಲ್ಸನ್‌ಳ ದಿನಚರಿಯಲ್ಲಿ, ಸಭೆ-ಸಂಘ, ಸಾಲ-ಸೋಲದ ನಡುವೆಯೇ ಗೆಳತಿಯರ ಜತೆಗಿನ ಪ್ರೇಮ! ಕಪ್ಪು ಕವಯಿತ್ರಿ ಏಂಜಲಿನಾ ವೆಲ್ಡ್ ಗ್ರಿಮ್ಕೆಯ ಹಸ್ತಪ್ರತಿಗಳಲ್ಲಿ ಹೆಣ್ಣಿಗೇ ಬರೆದ, ಅಚ್ಚು ಕಾಣದ ಕವಿತೆಗಳು! ಸಮಾಜದಲ್ಲಿ ಮರ್ಯಾದಸ್ಥರೆನಿಸಿದ, ಮೇಷ್ಟ್ರಿಕೆ ಮಾಡುತ್ತಿದ್ದ ಹೆಣ್ಣುಮಕ್ಕಳು ಇವರು. ಕಪ್ಪು ಹೆಣ್ಣೆಂದರೆ ನಡತೆಗೆಟ್ಟವಳು ಎನ್ನುತ್ತಿದ್ದ ಬಿಳಿ ಸಮಾಜದ ಎದುರು ಆಸೆಯ ಮಾತು ಎತ್ತುವುದೇ ಅಪಾಯ. ಲಾರ್ಸನ್‌ಗೂ ಹಾಲ್‌ಳ ದಾರಿ ಇರಲಿಲ್ಲವೆನ್ನುವುದು ನನಗೆ ಇಲ್ಲಿಯೇ ಹೊಳೆದದ್ದು.

ಆದರೆ ಅದೇ 1928ರಲ್ಲಿ ಬ್ಲೂಸ್ ಗಾಯಕಿ ಮಾ ರೇನಿಗೆ ಈ ಅಂಜಿಕೆಯೇ ಇಲ್ಲ. ‘ಪ್ರೂವ್ ಇಟ್ ಆನ್ ಮಿ ಬ್ಲೂಸ್’ ರೆಕಾರ್ಡಿನ ಜಾಹೀರಾತು ನೋಡಬೇಕು: ಹ್ಯಾಟು, ಕೋಟು, ಟೈ ತೊಟ್ಟ ಆಕೆ ಇಬ್ಬರು ಹೆಂಗಸರ ಜತೆ ಮಾತಿಗೆ ನಿಂತಿದ್ದಾಳೆ; ಅತ್ತ ಕಡೆಯಿಂದ ಒಬ್ಬ ಪೊಲೀಸಪ್ಪ ಕಣ್ಣಿಟ್ಟಿದ್ದಾನೆ. ಗುಟ್ಟನ್ನೇ ಬಂಡವಾಳ ಮಾಡಿಕೊಂಡು ಕಂಪನಿಯವರು ರೆಕಾರ್ಡು ಮಾರುತ್ತಿದ್ದರು!