ಪ್ರಾರ್ಥನೆ ಮತ್ತು ಪ್ರಯತ್ನ



ಜಯನಗರ, ಬನಶಂಕರಿ, ಜೆ.ಪಿ. ನಗರಗಳಿಂದ ಬರುವ ಭಕ್ತರು ನಮ್ಮ ಮುಂದೆ ಇಡುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ. "ಬುದ್ಧೀ, ಪೂಜೆಗೆ ಕುಳಿತರೆ ಮೆಟ್ರೋ ತಪ್ಪುತ್ತದೆ, ಮೆಟ್ರೋ ಹಿಡಿದರೆ ಪೂಜೆ ತಪ್ಪುತ್ತದೆ. ಯಾವುದನ್ನು ಬಿಡಲಿ?" ಯಾವುದನ್ನೂ ಬಿಡಬೇಡಿ ಎಂದೇ ನಮ್ಮ ಉತ್ತರ. ಅದು ಹೇಗೆ ಸಾಧ್ಯವೆಂಬುದನ್ನು ಇಂದು ವಿಚಾರ ಮಾಡೋಣ.

ಹೊಲ ಉಳದೆ ಮಳೆಗಾಗಿ ಪ್ರಾರ್ಥಿಸುವ ರೈತನೊಬ್ಬ. ಮಳೆ ಬಂದರೂ ಅವನ ಹೊಲದಲ್ಲಿ ಬೆಳೆಯುವುದು ಕಳೆಯೇ. ಉತ್ತು ಬಿತ್ತಿ, ಬೆಳೆಯೆಲ್ಲ ನನ್ನಿಂದಲೇ ಬಂತೆಂದು ಬೀಗುವ ರೈತ ಇನ್ನೊಬ್ಬ. ಒಂದು ವರ್ಷ ಮಳೆ ಕೈಕೊಟ್ಟರೆ ಅವನು ಕುಸಿದು ಬೀಳುತ್ತಾನೆ. ಮೊದಲನೆಯವನದು ಸೋಮಾರಿತನ, ಎರಡನೆಯವನದು ಅಹಂಕಾರ. ಎರಡೂ ಭಕ್ತಿಯಲ್ಲ.

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರಿದ್ದರು. ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಮ್ಮೆ ಅವರು ಶರಣರ ಅನುಭಾವದ ಮಾತಿನಲ್ಲಿ ಮುಳುಗಿ ಕಾಯಕದ ಹೊತ್ತನ್ನೇ ಮರೆತರು. ಆಗ ಎಚ್ಚರಿಸಿದವರು ಅವರ ಧರ್ಮಪತ್ನಿ ಲಕ್ಕಮ್ಮನವರು. ಕೇಳುತ್ತಿದ್ದುದು ಶಿವನ ಮಾತೇ ಆದರೂ ಕೆಲಸ ನಿಲ್ಲಬಾರದೆಂದು ಆ ತಾಯಿ ತಿಳಿಸಿಕೊಟ್ಟರು. ಮಾರಯ್ಯನವರು ಎದ್ದು ಹೋಗಿ ಅಕ್ಕಿ ತಂದರು. ಆದರೆ ಅಂದು ತಂದದ್ದು ದಿನದ ಅಗತ್ಯಕ್ಕಿಂತ ಹೆಚ್ಚಾಗಿತ್ತು. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ತಿರುಗಿ ಕಳುಹಿಸಿದರು.

ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಅನುಭಾವ ಕಾಯಕವನ್ನು ಮರೆಸಬಾರದು, ಇದು ಒಂದು. ಕಾಯಕ ಆಸೆಯ ಕಡೆಗೆ ಜಾರಬಾರದು, ಇದು ಎರಡು. ದುಡಿಮೆ ಆಸೆಗೆ ಜಾರದಂತೆ ಕಾಯುವುದೇ ಪೂಜೆಯ ಕೆಲಸ.

ನಮ್ಮ ಕಾಲದಲ್ಲಿ ಇದನ್ನು ಬಾಳಿ ತೋರಿಸಿದವರು ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು. 1907ರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1941ರಲ್ಲಿ ಮಠದ ಹೊಣೆ ಹೊತ್ತರು. ನಸುಕಿನಲ್ಲಿ ಇಷ್ಟಲಿಂಗ ಪೂಜೆ. ಅದು ಮುಗಿದರೆ ಮಕ್ಕಳ ಪ್ರಾರ್ಥನೆ, ಊಟ, ಪಾಠಗಳ ಚಿಂತೆ. ಮಕ್ಕಳ ಅನ್ನಕ್ಕಾಗಿ ಹಳ್ಳಿಹಳ್ಳಿ ಸುತ್ತಿ ದವಸ ತಂದರು. 2019ರಲ್ಲಿ ಲಿಂಗೈಕ್ಯರಾಗುವಾಗ ಅವರಿಗೆ 111 ವರ್ಷ. ಪೂಜೆಯಿಂದ ಎದ್ದ ಕೈಯೇ ಮಕ್ಕಳ ಅನ್ನಕ್ಕೆ ದುಡಿಯಿತು.

ಮನೆಯ ಹಿರಿಯರಿಗೆ ಎದೆನೋವು ಕಾಣಿಸಿತೆನ್ನಿ. ಮಗ ಪೂಜೆಯಲ್ಲಿ ಕುಳಿತಿದ್ದಾನೆ. ಪೂಜೆ ಮುಗಿಯಲೆಂದು ಕಾಯಬೇಕೆ? ಕೂಡದು. ಇಷ್ಟಲಿಂಗವನ್ನು ಕಣ್ಣಿಗೊತ್ತಿಕೊಂಡು, ಕೊರಳಲ್ಲಿ ಧರಿಸಿ ಎದ್ದುಬಿಡಬೇಕು. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆ ಜಯನಗರದ ಮಗ್ಗುಲಲ್ಲೇ ಇದೆ. ಹೃದಯದ ರಕ್ತನಾಳ ಕಟ್ಟಿದಾಗ ಕಳೆದ ಒಂದೊಂದು ನಿಮಿಷವೂ ಹೃದಯವನ್ನು ಕೆಡಿಸುತ್ತದೆ. ಅಲ್ಲಿಗೆ ಮುಟ್ಟಿಸುವುದೇ ಆ ಹೊತ್ತಿನ ಪೂಜೆ. ವೈದ್ಯರು ಒಳಗೆ ಕರೆದೊಯ್ದು ಬಾಗಿಲು ಮುಚ್ಚಿದ ಮೇಲೆ ಮಗನ ಕೈಯಲ್ಲಿ ಕೆಲಸ ಉಳಿಯುವುದಿಲ್ಲ. ಆಗ ಹೊರಗಿನ ಬೆಂಚಿನ ಮೇಲೆ ಕುಳಿತು ಷಡಕ್ಷರಿ ಮಂತ್ರ ಜಪಿಸಲಿ. ಏನೇ ಬಂದರೂ ತಾಳಿಕೊಳ್ಳುವ ಬಲ ಬೇಡಲಿ. ಹೊತ್ತಿಗೆ ಸರಿಯಾಗಿ ಎದ್ದು ಬಂದವನ ಪ್ರಾರ್ಥನೆಯಲ್ಲಿ ಅಳುಕಿರುವುದಿಲ್ಲ. ತಡಮಾಡಿದವನಿಗೆ ಬಾಯಲ್ಲಿ ಮಂತ್ರವಿದ್ದರೂ ಒಳಗೆ ಮುಳ್ಳು ಚುಚ್ಚುತ್ತಿರುತ್ತದೆ.

ಬಂಧುಗಳೇ, ಶರಣರು ಲಿಂಗವನ್ನು ನಮ್ಮ ಅಂಗದ ಮೇಲೆಯೇ ಏಕೆ ಕೊಟ್ಟರು? ದೇವರು ಒಂದು ಕಡೆ, ಕೆಲಸ ಒಂದು ಕಡೆ ಆಗಬಾರದೆಂದು. ನೀವು ಮೆಟ್ರೋ ಹತ್ತಿದರೆ ಲಿಂಗವೂ ಹತ್ತುತ್ತದೆ. ಕಚೇರಿಯಲ್ಲಿ ಕಡತ ಬಿಚ್ಚಿದರೆ ಅದೂ ಎದೆಯ ಮೇಲಿರುತ್ತದೆ. ಎದೆಯ ಮೇಲೆ ಲಿಂಗವಿದ್ದು ಕೈ ಲಂಚಕ್ಕೆ ಚಾಚಿದರೆ, ಬೆಳಗಿನ ಪೂಜೆ ಆಯಿತೆಂದು ಹೇಳುವುದು ಹೇಗೆ?

ಆದ್ದರಿಂದ ನಾಳೆಯಿಂದ ಕಾಲು ಗಂಟೆ ಮೊದಲೇ ಏಳಿ. ಪೂಜೆಯಲ್ಲಿ ಏನನ್ನು ಬೇಡಿದಿರೋ, ಅದರಲ್ಲಿ ನನ್ನ ಕೈಯಿಂದ ಆಗಬೇಕಾದದ್ದೆಷ್ಟು ಎಂದು ಅಲ್ಲಿಯೇ ಕೇಳಿಕೊಳ್ಳಿ. ಅಷ್ಟನ್ನು ಅಂದೇ ಮಾಡಿ. ಮಗನ ಓದಿಗಾಗಿ ಬೇಡಿದವರು ಸಂಜೆ ಮಗನ ಬಳಿ ಕುಳಿತುಕೊಳ್ಳಿ. ಅತ್ತೆ-ಸೊಸೆಯರ ಸಮಾಧಾನಕ್ಕಾಗಿ ಬೇಡಿದವರು ಮೊದಲು ನೀವೇ ಒಂದು ಒಳ್ಳೆಯ ಮಾತನಾಡಿ. ರಾತ್ರಿ ಫಲವನ್ನು ಶಿವನಿಗೆ ಒಪ್ಪಿಸಿ ನೆಮ್ಮದಿಯಿಂದ ಮಲಗಿ.

ಆ ಪರಶಿವನು ನಿಮ್ಮೆಲ್ಲರಿಗೂ ಬೇಡುವ ಮನಸ್ಸನ್ನೂ ದುಡಿಯುವ ಕೈಯನ್ನೂ ಕರುಣಿಸಲಿ. ಶರಣು ಶರಣಾರ್ಥಿ.